ಮಾನ ಮತ್ತು ಮದ

ಮನುಷ್ಯನು ಹಸಿವನ್ನು ತಾಳಿಕೊಳ್ಳುತ್ತಾನೆ, ಬಿಸಿಲನ್ನು ತಾಳಿಕೊಳ್ಳುತ್ತಾನೆ. ನಾಲ್ಕು ಜನರ ಎದುರಿಗೆ ಆದ ಅವಮಾನವನ್ನು ತಾಳಿಕೊಳ್ಳುವುದು ಅವನಿಗೆ ಬಲು ಕಷ್ಟ. ಉಣ್ಣದೆ ಮಲಗಿದ ರಾತ್ರಿಯನ್ನು ಮರೆತವರು ಇದ್ದಾರೆ. ‘ನೀನು ಆಚೆ ನಿಲ್ಲು’ ಎನ್ನಿಸಿಕೊಂಡ ಗಳಿಗೆಯನ್ನು ಮರೆತವರನ್ನು ನಾನು ಈವರೆಗೆ ಕಂಡಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ 2024ನೆಯ ಇಸವಿಯಲ್ಲಿ ಇಂತಹ ಎರಡು ಗಳಿಗೆಗಳು ನಾಡಿನವರೆಲ್ಲರ ಕಣ್ಣಿಗೆ ಬಿದ್ದವು. ಫೆಬ್ರವರಿ ತಿಂಗಳಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣಕ್ಕೆ ತಲೆಯ ಮೇಲೆ ಗಂಟು ಹೊತ್ತ ರೈತನೊಬ್ಬನು ಬಂದನು. ಅವನ ಬಳಿ ಟಿಕೆಟ್ ಇತ್ತು. ಆದರೂ ಬಟ್ಟೆ ಮಾಸಿದೆ ಎಂಬ ಕಾರಣಕ್ಕೆ ತಪಾಸಣೆಯ ಜಾಗದಲ್ಲಿ ಅವನನ್ನು ತಡೆದು ನಿಲ್ಲಿಸಿದರು. ಅವನು ವಾದಿಸಲಿಲ್ಲ, ಗಂಟಿನೊಡನೆ ಸುಮ್ಮನೆ ನಿಂತನು. ಅದನ್ನು ಕಂಡ ಸಹಪ್ರಯಾಣಿಕರು ಸುಮ್ಮನಿರಲಿಲ್ಲ. ಬಟ್ಟೆ ಹೀಗೆಯೇ ಇರಬೇಕೆಂಬ ನಿಯಮ ಎಲ್ಲಿದೆ ಎಂದು ಕೇಳಿ, ವಾದಿಸಿ, ಅವನನ್ನು ತಮ್ಮ ಜೊತೆಯಲ್ಲಿಯೇ ಒಳಗೆ ಕರೆದುಕೊಂಡು ಹೋದರು. ಆ ದೃಶ್ಯ ಮೊಬೈಲ್ ಫೋನುಗಳ ಮೂಲಕ ಊರೆಲ್ಲ ಹರಡಿತು. ಮೆಟ್ರೋ ನಿಗಮವು ವಿಷಾದವನ್ನು ಸೂಚಿಸಿ, ಭದ್ರತೆಯ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದುಹಾಕಿತು.

ಐದು ತಿಂಗಳು ಕಳೆಯಿತು. ಜುಲೈ ತಿಂಗಳಲ್ಲಿ, ಅಲ್ಲಿಗೆ ಬಹು ದೂರವಲ್ಲದ ಮಾಗಡಿ ರಸ್ತೆಯ ಮಾಲ್ ಒಂದಕ್ಕೆ, ಹಾವೇರಿ ಜಿಲ್ಲೆಯಿಂದ ಬಂದಿದ್ದ ವಯಸ್ಸಾದ ರೈತರೊಬ್ಬರನ್ನು ಅವರ ಮಗನು ಸಿನಿಮಾ ತೋರಿಸಲೆಂದು ಕರೆತಂದನು. ಟಿಕೆಟ್ ಮೊದಲೇ ಕೊಂಡಾಗಿತ್ತು. ತಂದೆ ಉಟ್ಟಿದ್ದುದು ಬಿಳಿಯ ಪಂಚೆ. ಪಂಚೆ ಉಟ್ಟವರಿಗೆ ಪ್ರವೇಶವಿಲ್ಲವೆಂದು ಬಾಗಿಲಲ್ಲಿ ತಡೆದರು. ಮರುದಿನ ಜನರು ಪಂಚೆ ಉಟ್ಟು ಬಂದು ಅದೇ ಬಾಗಿಲಿನ ಮುಂದೆ ಪ್ರತಿಭಟಿಸಿದರು. ಮಾಲಿನವರು ಕ್ಷಮೆ ಕೇಳಿ ಆ ಹಿರಿಯರನ್ನು ಸನ್ಮಾನಿಸಿದರು. ವಿಷಯ ವಿಧಾನಸಭೆಯವರೆಗೂ ಹೋಯಿತು. ಏಳು ದಿನ ಮಾಲ್ ಮುಚ್ಚಿಸಲಾಗುವುದೆಂದು ಸರ್ಕಾರ ಪ್ರಕಟಿಸಿತು.

ಈ ಎರಡು ಘಟನೆಗಳು ನಡೆದ ಸ್ಥಳವನ್ನು ಸ್ವಲ್ಪ ಯೋಚಿಸಿ ನೋಡಿ. ರಾಜಾಜಿನಗರವು ಸ್ವಾತಂತ್ರ್ಯ ಬಂದ ಎರಡು ವರ್ಷಕ್ಕೆ, 1949ರಲ್ಲಿ, ಕೈಗಾರಿಕಾ ಉಪನಗರವೆಂದೇ ಆರಂಭವಾದ ಬಡಾವಣೆ. ಮೈಗೆ ಎಣ್ಣೆ, ಮಸಿ ಮೆತ್ತಿಕೊಂಡು ದುಡಿಯುವವರು ಕಟ್ಟಿದ ಊರು ಅದು. ಮಾಗಡಿ ರಸ್ತೆಯಾದರೋ ಹಳ್ಳಿಗಳ ದವಸಧಾನ್ಯ ಪೇಟೆಗೆ ಬರುತ್ತಿದ್ದ ದಾರಿ. ಅಲ್ಲಿ ಮಾಸಿದ ಬಟ್ಟೆಗೂ ಪಂಚೆಗೂ ನಾಚಿಕೆ ಏಕೆ ಬರಬೇಕು? ಬಂದಿತು. ತಡೆದವರನ್ನು ಬೈದು ಮುಗಿಸುವುದು ಸುಲಭ. ಆದರೆ ಅವರೂ ತಿಂಗಳ ಸಂಬಳಕ್ಕೆ ನಿಂತವರು. ಆ ಸಮವಸ್ತ್ರವನ್ನು ಕಳಚಿದರೆ ಬಹುಶಃ ಅವರನ್ನೂ ಇನ್ನಾವುದೋ ಬಾಗಿಲಲ್ಲಿ ಯಾರೋ ತಡೆಯುತ್ತಿದ್ದರು. ಸಮವಸ್ತ್ರ ಕೊಟ್ಟ ಎರಡಂಗುಲ ಎತ್ತರದ ಮೇಲೆ ನಿಂತು ಅವರು ಇನ್ನೊಬ್ಬನನ್ನು ಅಳೆದರು. ಅಳೆಯಲು ಅವರ ಕೈಯಲ್ಲಿದ್ದ ಕೋಲು ಬಟ್ಟೆಯೊಂದೇ.

ಅಳೆಯುವ ಕೋಲು ಎಂದೆನಲ್ಲವೆ? ನಮ್ಮ ಭಾಷೆಯಲ್ಲಿ ‘ಮಾನ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಮಾನವೆಂದರೆ ಮರ್ಯಾದೆ, ಮಾನವೆಂದರೆ ಅಳತೆ. ಮಾನದಂಡ, ಉಷ್ಣಮಾನ, ಪ್ರಮಾಣ ಮುಂತಾದ ಮಾತುಗಳಲ್ಲಿ ಎರಡನೆಯ ಅರ್ಥವಿದೆ. ಒಂದೇ ಪದದಲ್ಲಿ ಇವೆರಡೂ ಕೂಡಿಕೊಂಡಿರುವುದು ನನಗೆ ಬಹು ಸೊಗಸಾಗಿ ಕಾಣುತ್ತದೆ. ಪ್ರತಿಯೊಬ್ಬನೂ ತನ್ನನ್ನು ತಾನು ಯಾವುದೋ ಒಂದು ಕೋಲಿನಿಂದ ಅಳೆದುಕೊಳ್ಳುತ್ತಲೇ ಇರುತ್ತಾನೆ. ಆ ಕೋಲು ಯಾವುದು ಎಂಬುದರ ಮೇಲೆ ಅವನ ಮನಸ್ಸಿನ ನೆಮ್ಮದಿ ನಿಂತಿದೆ.

ಹೆಮ್ಮೆ, ಬಿಂಕ, ಜಂಬ, ಸೊಕ್ಕು, ಗರ್ವ, ಅಹಂಕಾರ, ಮದ. ಇನ್ನೊಂದು ಕಡೆ ಮಾನ, ಸ್ವಾಭಿಮಾನ, ಆತ್ಮಗೌರವ. ಹಳ್ಳಿಯ ಅಜ್ಜಿಯೂ ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ತಪ್ಪಿಯೂ ಬಳಸುವುದಿಲ್ಲ. ಮಗಳು ಚೆನ್ನಾಗಿ ಓದಿದರೆ ತಾಯಿಗೆ ಹೆಮ್ಮೆ. ಓದಿದ ಮಗಳು ತಾಯಿಯನ್ನು ಹೀಗಳೆದರೆ ಅದು ಸೊಕ್ಕು. ‘ಅಭಿಮಾನ’ ಎಂಬ ಸಂಸ್ಕೃತ ಶಬ್ದಕ್ಕೆ ಗರ್ವವೆಂಬ ಅರ್ಥವೂ ಇದೆ. ಕನ್ನಡಕ್ಕೆ ಬಂದ ಮೇಲೆ ಅದು ಪ್ರೀತಿಯ ಬಣ್ಣವನ್ನು ಪಡೆಯಿತು. ನಟ ರಾಜ್‌ಕುಮಾರ್ ಅವರು ತಮ್ಮನ್ನು ಮೆಚ್ಚಿದವರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಗೆದ್ದವನು ಸೋತವರ ಮುಂದೆ ಎದೆಯುಬ್ಬಿಸುವುದು ಲೋಕರೂಢಿ. ತನ್ನನ್ನು ಮೇಲಕ್ಕೆತ್ತಿದವರಿಗೇ ಎತ್ತರದ ಸ್ಥಾನ ಕೊಡುವುದು ಅಪರೂಪ.

ಎದೆಯುಬ್ಬಿಸುವುದು ಎಂಬುದು ಬರಿಯ ಮಾತಿನ ಅಲಂಕಾರವಲ್ಲ. 2004ರಲ್ಲಿ ಅಥೆನ್ಸ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳೂ, ಅವುಗಳ ಬೆನ್ನಿಗೇ ಅಂಗವಿಕಲರ ಪ್ಯಾರಾಲಿಂಪಿಕ್ ಕ್ರೀಡೆಗಳೂ ನಡೆದವು. ಅಲ್ಲಿನ ಜೂಡೋ ಪಟುಗಳು ಗೆದ್ದ ಕ್ಷಣದಲ್ಲಿಯೂ ಸೋತ ಕ್ಷಣದಲ್ಲಿಯೂ ತೆಗೆದ ಛಾಯಾಚಿತ್ರಗಳನ್ನು ಜೆಸ್ಸಿಕಾ ಟ್ರೇಸಿ ಮತ್ತು ಡೇವಿಡ್ ಮಾತ್ಸುಮೊಟೊ ಎಂಬ ಮನೋವಿಜ್ಞಾನಿಗಳು ಪರಿಶೀಲಿಸಿದರು. ಗೆದ್ದವರು ತಲೆಯೆತ್ತಿ, ಎದೆಯುಬ್ಬಿಸಿ, ತೋಳುಗಳನ್ನು ಮೇಲಕ್ಕೆ ಚಾಚಿದ್ದರು. ಸೋತವರ ಭುಜಗಳು ಕುಸಿದಿದ್ದವು. ಇದರಲ್ಲಿ ಆಶ್ಚರ್ಯವೇನು ಎನ್ನುವಿರಾ? ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಪಟುಗಳೂ ಗೆದ್ದಾಗ ಹಾಗೆಯೇ ಮಾಡಿದರು. ಯಾರೊಬ್ಬರೂ ಎದೆಯುಬ್ಬಿಸಿ ನಿಂತುದನ್ನು ಅವರು ಜನ್ಮದಲ್ಲಿ ಕಂಡವರಲ್ಲ. 2008ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಹೆಮ್ಮೆಯೆಂಬುದು ಬೇರೆಯವರನ್ನು ನೋಡಿ ಕಲಿತ ನಟನೆಯಲ್ಲ, ನಮ್ಮ ಮೈಯೊಡನೆಯೇ ಹುಟ್ಟಿ ಬಂದದ್ದು ಎಂದು ತಿಳಿಯುತ್ತದೆ. ಆದುದರಿಂದ ಹೆಮ್ಮೆಪಡುವುದೇ ತಪ್ಪೆಂದು ಮಕ್ಕಳಿಗೆ ಬೋಧಿಸುವುದು ಉಸಿರಾಡುವುದು ತಪ್ಪೆಂದು ಬೋಧಿಸಿದಂತೆ. ನಮ್ಮ ಗರಡಿಮನೆಗಳ ಜಟ್ಟಿಯೂ ಗೆದ್ದಾಗ ತೊಡೆ ತಟ್ಟುತ್ತಾನೆ, ಅದು ಸಹಜ. ಜಾರಿ ಬಿದ್ದ ಮೇಲೂ ಮೀಸೆ ಮಣ್ಣಾಗಲಿಲ್ಲ ಎನ್ನತೊಡಗಿದಾಗ ಮಾತ್ರ ಊರು ನಗುತ್ತದೆ.

ಹೆಮ್ಮೆ ಮದಕ್ಕೆ ತಿರುಗುವುದು ಎಲ್ಲಿ? ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಪಂಡಿತನು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದು ತೋರಿಸಿದನು. ಮೇಲೆ ಅಂಶದ ಜಾಗದಲ್ಲಿ ನಮ್ಮ ಗೆಲವು. ಕೆಳಗೆ ಛೇದದ ಜಾಗದಲ್ಲಿ ನಮ್ಮ ಆಸೆ. ಗೆಲವು ಹೆಚ್ಚಿದರೂ ಆಸೆ ತಗ್ಗಿದರೂ ಬೆಲೆ ಏರುತ್ತದೆ. ಇಡೀ ಲೋಕದಲ್ಲಿ ಎರಡನೆಯವನಾದ ಕುಸ್ತಿಯಾಳು, ತಾನು ಮೊದಲನೆಯವನಲ್ಲವಲ್ಲ ಎಂದು ತಲೆ ತಗ್ಗಿಸುವ ವಿಚಿತ್ರವನ್ನು ಈ ಲೆಕ್ಕ ವಿವರಿಸುತ್ತದೆ. ಹತ್ತನೆಯ ತರಗತಿಯ ಫಲಿತಾಂಶದ ದಿನ 625ಕ್ಕೆ 618 ಅಂಕ ಪಡೆದ ಹುಡುಗಿ ಅಳುತ್ತ ಕುಳಿತುದನ್ನೂ, ಅಂದೇ 310 ಪಡೆದ ಹುಡುಗ ಗೆಳೆಯರಿಗೆ ಸಿಹಿ ಹಂಚಿದುದನ್ನೂ ನಾನು ನೋಡಿದ್ದೇನೆ. ಜೇಮ್ಸನ ಲೆಕ್ಕ ತಪ್ಪಲ್ಲ. ಆದರೆ ಅದರಲ್ಲಿ ಒಂದು ಕೊರತೆಯಿದೆ ಎಂದು ನನಗೆ ತೋರುತ್ತದೆ. ಗೆಲವನ್ನು ಅಳೆಯುವವರು ಯಾರು ಎಂಬುದನ್ನು ಆ ಭಿನ್ನರಾಶಿ ಹೇಳುವುದಿಲ್ಲ.

ಈ ಕೊರತೆಯನ್ನು ತುಂಬಿದವನು ಮಾರಿಸ್ ರೋಸೆನ್‌ಬರ್ಗ್. ಇವನು ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು, ಎಂದರೆ ಹೆಚ್ಚುಕಡಮೆ ನಿಮ್ಮ ವಯಸ್ಸಿನವರನ್ನೇ, ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿಯಿಂದ ಪರೀಕ್ಷಿಸಿ 1965ರಲ್ಲಿ ಪುಸ್ತಕ ಬರೆದನು. ಆತ್ಮಗೌರವವುಳ್ಳವನು ತಾನು ಇತರರಿಗಿಂತ ಮೇಲು ಎಂದು ಭಾವಿಸುವವನಲ್ಲ. ತಾನೂ ಬೆಲೆಯುಳ್ಳವನು, ಇತರರಂತೆಯೇ ಸಾಕಷ್ಟು ಯೋಗ್ಯನು ಎಂದು ಭಾವಿಸುವವನು ಎಂಬುದು ಅವನ ಅಭಿಪ್ರಾಯದ ತಿರುಳು. ‘ಮೇಲು’ ಎನ್ನುವುದಕ್ಕೆ ‘ಕೀಳು’ ಬೇಕೇ ಬೇಕು. ‘ಯೋಗ್ಯ’ ಎನ್ನುವುದಕ್ಕೆ ಯಾರನ್ನೂ ಕೆಳಗೆ ನಿಲ್ಲಿಸಬೇಕಾಗಿಲ್ಲ. ರಾಜಾಜಿನಗರದ ಆ ತಪಾಸಣೆಯ ಜಾಗದಲ್ಲಿ ನಡೆದುದು ಇಷ್ಟೆ: ಒಬ್ಬರಿಗೆ ಕೀಳಾದ ಇನ್ನೊಬ್ಬನು ಬೇಕಾಗಿತ್ತು.

ಹಾಗೆ ಬೇಕೆನ್ನಿಸುವುದು ಒಳಗಿನ ಅಳುಕಿನಿಂದ ಎಂದು ವಿಯೆನ್ನಾ ನಗರದ ವೈದ್ಯ ಆಲ್‌ಫ್ರೆಡ್ ಆಡ್ಲರ್ ವಿವರಿಸಿದನು. ಬಾಲ್ಯದಲ್ಲಿ ಮೂಳೆಗಳ ದೌರ್ಬಲ್ಯದಿಂದ ನರಳಿದ್ದ ಅವನಿಗೆ, ಓರಗೆಯವರು ಓಡುತ್ತಿರುವಾಗ ನೋಡುತ್ತ ಕುಳಿತಿರುವುದು ಏನೆಂದು ತಿಳಿದಿತ್ತು. ಮೇಲರಿಮೆಯ ಅಬ್ಬರದ ಹಿಂದೆ ಕೀಳರಿಮೆ ಅಡಗಿರುತ್ತದೆ ಎಂಬುದು ಅವನ ಮತ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮವರು ಅದನ್ನೇ ಎರಡು ಮಾತಿನಲ್ಲಿ ಹೇಳಿಬಿಟ್ಟರು.

ಮದಕ್ಕೆ ಮದ್ದು ಹೇಳುವ ಕಥೆಯೊಂದು ನಮ್ಮ ನಾಡಿನ ಕಲ್ಲಿನಲ್ಲಿಯೇ ನಿಂತಿದೆ. ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿನಲ್ಲಿ ಗೊಮ್ಮಟನ ಮೂರ್ತಿಯನ್ನು ಮಾಡಿಸಿದವನು ಗಂಗರ ಮಂತ್ರಿ ಚಾವುಂಡರಾಯ. ಇಂತಹ ಮೂರ್ತಿಯನ್ನು ಮಾಡಿಸಿದವನು ತಾನು ಎಂಬ ಗರ್ವ ಅವನಿಗೆ ಬಂದಿತಂತೆ. ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಮೂರ್ತಿಯ ತೊಡೆಯಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ಹಿಡಿದು ತಂದ ಅಂಗೈಯಷ್ಟು ಹಾಲು ಮೂರ್ತಿಯ ಪಾದವನ್ನು ಮುಟ್ಟಿತಂತೆ. ಇದು ಐತಿಹ್ಯ, ಚರಿತ್ರೆಯಲ್ಲ. ಆದರೆ ಬೆಟ್ಟವೇರಿದವರು ಗೊಮ್ಮಟನಿಗೆ ಎದುರಾಗಿ ನಿಂತಿರುವ ಗುಳ್ಳಕಾಯಜ್ಜಿಯ ವಿಗ್ರಹವನ್ನು ಕಾಣಬಹುದು. ಮಂತ್ರಿಯ ಗರ್ವಭಂಗದ ಕಥೆಯನ್ನು ಅವನ ಕೀರ್ತಿಯ ಎದುರಿಗೇ ಕೆತ್ತಿ ನಿಲ್ಲಿಸಿದ ಜನರ ಧೈರ್ಯ ದೊಡ್ಡದು.

ಇನ್ನು ಮಾನದ ಕಥೆ. ಅದಕ್ಕಾಗಿ ನಾನು ದೂರ ಹೋಗಬೇಕಾಗಿಲ್ಲ; ನಾನು ವಾಸವಾಗಿರುವ ಬಡಾವಣೆಯ ಹೆಸರೇ ಬಸವೇಶ್ವರನಗರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಂಗಡಿಗರಾಗಿದ್ದವರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳಿದ್ದರು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದಕ್ಕಿಂತ ಚಿಕ್ಕ ಕೆಲಸವನ್ನು ಊಹಿಸುವುದು ಕಷ್ಟ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಅಡುಗೆಮನೆಗೆ ಒಯ್ಯಲಿಲ್ಲ. ನಿತ್ಯದ ಅಳತೆಗೆ ಮೀರಿದ್ದು ನಮ್ಮದಲ್ಲ, ಹೆಚ್ಚಿನ ಆಸೆ ನಮಗೇಕೆ, ತಂದಲ್ಲಿಯೇ ಹಾಕಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಹೆಣ್ಣುಮಗಳ ಬಳಿ ಇದ್ದುದೇನು? ಹೊಲವಿಲ್ಲ, ಹೊನ್ನಿಲ್ಲ. ಆದರೆ ಅಳೆಯುವ ಕೋಲು ಅವಳ ಕೈಯಲ್ಲಿಯೇ ಇತ್ತು. ಮಂತ್ರಿಯ ಮನೆಯ ಅಂಗಳದ ಅಕ್ಕಿ ಎಂದು ಅವಳು ಹಿಗ್ಗಲೂ ಇಲ್ಲ, ಆಯ್ದು ತಿನ್ನುವ ಬಾಳು ಎಂದು ಕುಗ್ಗಲೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಆತ್ಮಗೌರವ ಒಳ್ಳೆಯದು ಎಂದಮಾತ್ರಕ್ಕೆ ಅದನ್ನು ಹೊಗಳಿಕೆಯಿಂದ ಊದಿ ತುಂಬಬಹುದೆಂದು ಕೆಲವರು ತಿಳಿದರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1986ರಲ್ಲಿ ಜನರ ಆತ್ಮಗೌರವವನ್ನು ಹೆಚ್ಚಿಸುವುದಕ್ಕೆಂದೇ ಒಂದು ಸಮಿತಿಯನ್ನು ನೇಮಿಸಿತ್ತು! ಮುಂದೆ 2003ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಅವನ ಜೊತೆಗಾರರು ಆವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿದಾಗ, ಆತ್ಮಗೌರವವನ್ನು ಹೆಚ್ಚಿಸಿದರೆ ಓದು ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಚೆನ್ನಾಗಿ ಕಲಿತುದರಿಂದ ತನ್ನ ಮೇಲೆ ಗೌರವ ಹುಟ್ಟುವುದೇ ಹೆಚ್ಚು ಸಂಭವನೀಯವಾಗಿ ಕಂಡಿತು.

ಹೊಗಳಿಕೆ ಹೇಗೆ ಕೆಡಿಸುತ್ತದೆ ಎಂಬುದನ್ನು 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಇಬ್ಬರು ವಿದುಷಿಯರು ತೋರಿಸಿದರು. ಐದನೆಯ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆಗಳನ್ನು ಬಿಡಿಸಲು ಕೊಟ್ಟು, ಆಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ ಕೆಲವರಿಗೆ ‘ನೀನು ಶ್ರಮಪಟ್ಟಿದ್ದೀಯೆ’ ಎಂದೂ ಹೇಳಿದರು. ಬಳಿಕ ಬಲು ಕಠಿಣವಾದ ಸಮಸ್ಯೆಗಳನ್ನು ಕೊಟ್ಟು ಎಲ್ಲರೂ ಸೋಲುವಂತೆ ಮಾಡಿದರು. ಶ್ರಮಕ್ಕಾಗಿ ಮೆಚ್ಚುಗೆ ಪಡೆದವರು ಮರಳಿ ಮೇಲೆದ್ದರು. ಬುದ್ಧಿಗಾಗಿ ಹೊಗಳಿಸಿಕೊಂಡವರು ಮುಂದಿನ ಸುಲಭದ ಸಮಸ್ಯೆಗಳಲ್ಲಿಯೂ ಹಿಂದೆ ಬಿದ್ದರು. ಇದಕ್ಕಿಂತ ಮನ ಕಲಕುವುದು ಇನ್ನೊಂದು ಸಂಗತಿ. ಬೇರೆ ಶಾಲೆಯ ಅಪರಿಚಿತ ಮಕ್ಕಳಿಗೆ ತಮ್ಮ ಅಂಕಗಳನ್ನು ಬರೆದು ತಿಳಿಸಿರಿ ಎಂದಾಗ, ಬುದ್ಧಿವಂತರೆನಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿ ಸುಳ್ಳು ಬರೆದರು. ಅವರನ್ನು ಯಾರೂ ಬೈದಿರಲಿಲ್ಲ, ಹೆದರಿಸಿರಲಿಲ್ಲ, ಹೊಗಳಿದ್ದರು, ಅಷ್ಟೆ. ಸಿಕ್ಕಿದ ಎತ್ತರದಿಂದ ಇಳಿಯಲಾರದೆ ಅವರು ಸುಳ್ಳಿಗೆ ಕೈಹಾಕಿದರು.

ತಪ್ಪಾಯಿತು ಎಂದು ಹೇಳಲು ಆ ಮಕ್ಕಳಿಗೇ ಅಷ್ಟು ಕಷ್ಟವಾದರೆ ಮೇಷ್ಟರಿಗೆ ಎಷ್ಟಾಗಬೇಡ! ನಾನು ತರುಣ ಅಧ್ಯಾಪಕನಾಗಿದ್ದ ದಿನಗಳ ಮಾತು. ಎಂ.ಎ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಒಂದು ದಿನ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತ ಕರಿಹಲಗೆಯ ಮೇಲೆ ‘ಉಚ್ಛ ವಿಚಾರ’ ಎಂದು ಬರೆದೆನು. ಕೊನೆಯ ಬೆಂಚಿನಿಂದ ಹುಡುಗನೊಬ್ಬನು ಎದ್ದು ನಿಂತನು. ಅವನ ತಂದೆ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ ಕೆಲಸಗಾರ. ಹುಡುಗನು ಬೆಳಗಿನ ಹೊತ್ತು ತಂದೆಗೆ ನೆರವಾಗಿ ಅಲ್ಲಿಂದ ನೇರವಾಗಿ ಶಾಲೆಗೆ ಬರುತ್ತಿದ್ದನು.

“ಸಾರ್, ಅಲ್ಲಿ ಮಹಾಪ್ರಾಣ ಬರುವುದಿಲ್ಲ. ಅದು ಉಚ್ಚ ಅಲ್ಲವೆ?” ಎಂದನು. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

ಅವನು ಹೇಳಿದುದು ಸರಿಯೆಂದು ನನಗೆ ಆ ಕ್ಷಣದಲ್ಲಿಯೇ ಹೊಳೆಯಿತು. ತಿದ್ದಿ ಬರೆಯಲು ಬೇಕಾಗಿದ್ದುದು ಒಂದು ನಿಮಿಷ. ಆದರೆ ಐವತ್ತು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. “ಮೊದಲು ನಿನ್ನ ಅಂಗಿಯ ಎಣ್ಣೆಯ ಕಲೆ ತೊಳೆದುಕೊಂಡು ಬಾ, ಆಮೇಲೆ ನನ್ನ ಅಕ್ಷರ ತಿದ್ದುವೆಯಂತೆ” ಎಂದೆನು. ತರಗತಿ ಗೊಳ್ಳೆಂದು ನಕ್ಕಿತು. ಹುಡುಗನು ಕುಳಿತನು. ಆ ವರ್ಷವೂ ಮರುವರ್ಷವೂ ಅವನು ನನ್ನ ತರಗತಿಯಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ. ನಿಲ್ದಾಣದಲ್ಲಿ ರೈತನನ್ನು ತಡೆದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ಊರಿನವರೆಲ್ಲ ಕೋಪಗೊಂಡರು. ನನಗೆ ಕೋಪಗೊಳ್ಳಲು ಬಾಯಿ ಬರಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಮನೆಯ ನೀರಿನ ಪಂಪು ಕೆಟ್ಟಿತು. ಶಾಫ್ಟ್ ಸವೆದಿದೆ, ಹೊಸದನ್ನು ಕಡೆಸಬೇಕು ಎಂದು ರಿಪೇರಿಯವನು ರಾಜಾಜಿನಗರದ ಒಂದು ಲೇತ್ ಅಂಗಡಿಗೆ ಕರೆದುಕೊಂಡು ಹೋದನು. ಅಂಗಡಿಯ ಮಾಲೀಕನು ಯಂತ್ರದ ಮುಂದೆ ನಿಂತಿದ್ದನು. ತಲೆ ನರೆಯುತ್ತಿತ್ತು, ಆದರೂ ನೋಡಿದೊಡನೆ ಗುರುತು ಹತ್ತಿತು. ಅವನೂ ನನ್ನನ್ನು ಗುರುತಿಸಿ ಕುರ್ಚಿ ಹಾಕಿಸಿದನು, ಚಹಾ ತರಿಸಿದನು. ಮಾತನಾಡುತ್ತಲೇ ಶಾಫ್ಟನ್ನು ಕಡೆದು ಮುಗಿಸಿ, ಮೈಕ್ರೋಮೀಟರಿನಿಂದ ಅಳೆದನು. ಇನ್ನೊಮ್ಮೆ ಅಳೆದನು. ಆಮೇಲೆ ಅದನ್ನು ಗುಜರಿಯ ಡಬ್ಬಿಗೆ ಹಾಕಿಬಿಟ್ಟನು.

“ಕೆಟ್ಟಿತು ಸಾರ್. ಒಂದು ಕೂದಲೆಳೆಯಷ್ಟು ಹೆಚ್ಚು ಕಡೆದುಬಿಟ್ಟೆ. ನನ್ನದೇ ತಪ್ಪು, ಬೇರೆ ಮಾಡಿಕೊಡುತ್ತೇನೆ.”

ಅವನ ಕೈಕೆಳಗಿನ ಮೂವರು ಹುಡುಗರು ಅಲ್ಲಿಯೇ ಇದ್ದರು. ಹೊರಗೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವನ ಮುಖ ಸ್ವಲ್ಪವೂ ಬಾಡಲಿಲ್ಲ. ಹೊಸ ಉಕ್ಕಿನ ಸರಳನ್ನು ಯಂತ್ರಕ್ಕೆ ಹಿಡಿಸತೊಡಗಿದನು. ಆ ಕೂದಲೆಳೆಯನ್ನು ನಾನಾಗಲಿ ರಿಪೇರಿಯವನಾಗಲಿ ಕಂಡುಹಿಡಿಯಲಾರದವರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಚಹಾದ ಲೋಟವನ್ನು ಕೆಳಗಿಟ್ಟೆನು. “ನಿನಗೆ ಒಂದು ಮಾತು ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ನಾನು ಒಂದು ಪದವನ್ನು ತಪ್ಪಾಗಿ ಬರೆದಿದ್ದೆ. ನೀನು ಹೇಳಿದ್ದೇ ಸರಿಯಾಗಿತ್ತು. ನನಗೆ ಆಗಲೇ ತಿಳಿದಿತ್ತು” ಎಂದೆನು.

ಅವನು ಬನಿಯನ್ ವೇಸ್ಟಿನಿಂದ ಕೈಯೊರಸಿಕೊಳ್ಳುತ್ತ ನಕ್ಕನು.

“ಗೊತ್ತು ಸಾರ್. ಮರುದಿನ ನೀವು ಅದನ್ನೇ ಕರಿಹಲಗೆಯ ಮೇಲೆ ಸರಿಯಾಗಿ ಬರೆದಿರಿ. ಏನೂ ಹೇಳಲಿಲ್ಲ, ಅಷ್ಟೆ. ನಾನು ನೋಡಿದ್ದೆ.”

ಯಂತ್ರ ಮತ್ತೆ ತಿರುಗತೊಡಗಿತು. “ಸ್ವಲ್ಪ ಹೊತ್ತು ಕೂತಿರಿ ಸಾರ್” ಎಂದು ಅವನು ಕೆಲಸದ ಮೇಲೆ ಬಾಗಿದನು.